ಮಿಲ್ ಅಂದ್ರ ಮಿಲಿಮೀಟರ್ ಅಲ್ಲ

ಭಾನುವಾರ ಬೆಳಿಗ್ಗೆ ಮನೆಗೆ ಬಂದ ಹುಡುಗ ಕುಷ್ಟಗಿ ಕಡೆಯವನು. ಐಟಿಐ ಮುಗಿಸಿ, ಸುಟ್ಟ ಟಿಸಿಗಳನ್ನು, ಅಂದರೆ ಟ್ರಾನ್ಸ್‌ಫಾರ್ಮರುಗಳನ್ನು, ಬಿಚ್ಚಿ ಮತ್ತೆ ವೈಂಡಿಂಗ್ ಮಾಡುವ ವರ್ಕ್‌ಶಾಪ್ ಒಂದರಲ್ಲಿ ಕೆಲಸಕ್ಕಿದ್ದಾನೆ. ಒಂದು ಕೈಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆಯ ಚೀಟಿ: 30 ಕಿಲೋವೋಲ್ಟ್, ಅಂತರ 2.5 ಮಿಲಿಮೀಟರ್. ಇನ್ನೊಂದು ಕೈಯ ಮೊಬೈಲಿನಲ್ಲಿ ಯಾವುದೋ ಹಳೆಯ ಅಮೆರಿಕನ್ ಕೈಪಿಡಿಯ ಒಂದು ಪುಟದ ಫೋಟೊ. ಅದರಲ್ಲಿ ಅದೇ ಬಗೆಯ ಎಣ್ಣೆಯ ಎದುರು ಅಚ್ಚಾಗಿದ್ದದ್ದು ಮಿಲ್‌ಗೆ 300 ವೋಲ್ಟ್ ಎಂದು.

“ಸರ್, ನಮ್ಮ ಚೀಟಿ ಲೆಕ್ಕದಾಗ ಒಂದು ಎಂಎಂಗೆ ಹನ್ನೆರಡು ಸಾವಿರ ವೋಲ್ಟ್ ತಡೀತೈತ್ರಿ. ಈ ಪುಸ್ತಕದಾಗ ಬರೇ ಮುನ್ನೂರು ಅಂತ ಐತಿ. ಆಗಿನ ಎಣ್ಣಿ ಅಷ್ಟು ಕೆಟ್ಟಿತ್ತೇನ್ರಿ?”

“ತಮ್ಮಾ, ಮಿಲ್ ಅಂದ್ರ ಮಿಲಿಮೀಟರ್ ಅಲ್ಲ,” ಅಂದೆ.

ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ. ಒಂದು ಇಂಚು 25.4 ಮಿಲಿಮೀಟರ್, ಆದ್ದರಿಂದ ಒಂದು ಮಿಲ್ 0.0254 ಮಿಲಿಮೀಟರ್. ನಮ್ಮ ತಲೆಗೂದಲಿಗಿಂತ ತೆಳ್ಳಗಿನ ದೂರ ಅದು. ಅಷ್ಟು ತೆಳ್ಳಗಿನ ಎಣ್ಣೆಯ ಪದರ 300 ವೋಲ್ಟ್ ತಡೆದರೆ, ಒಂದು ಮಿಲಿಮೀಟರಿನಲ್ಲಿ ಅಂಥ 39.37 ಪದರಗಳು ಹಿಡಿಯುತ್ತವೆ. 300 ಅನ್ನು 39.37ರಿಂದ ಗುಣಿಸಿದರೆ 11,811. ಹುಡುಗನ ಚೀಟಿಯ 12,000ಕ್ಕೂ ಕೈಪಿಡಿಯ 300ಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಎರಡರಷ್ಟೂ ಇಲ್ಲ. ಎರಡೂ ಕಡೆ ಒಂದೇ ಎಣ್ಣೆ, ಒಂದೇ ಸತ್ಯ. ಬೇರೆ ಬೇರೆ ಕಾಲದ, ಬೇರೆ ಬೇರೆ ಊರಿನ ಮಾನದಲ್ಲಿ ಬರೆದಿದ್ದರು, ಅಷ್ಟೇ.

ಅವನಿಗೆ ಸಮಾಧಾನವಾಯಿತು, ಆದರೆ ಎದ್ದು ಹೋಗಲಿಲ್ಲ. ಇಂಥ ಮಾನಗಳು ಇನ್ನೂ ಎಷ್ಟಿವೆ, ಯಾಕಿವೆ ಎಂದು ಕೇಳಿದ. ಅಂದು ಚಹಾ ಎರಡು ಸಲ ಆಯಿತು. ಅವನಿಗೆ ಹೇಳಿದ್ದನ್ನೂ, ಅವನು ಹೋದ ಮೇಲೆ ಹೊಳೆದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕೊಪ್ಪಳ, ಗಂಗಾವತಿ, ಯಲಬುರ್ಗಾ, ಕುಷ್ಟಗಿಯ ಹೊಲಗಳಲ್ಲಿ ಇವತ್ತು ಟಿಸಿ, ಗಾಳಿಯಂತ್ರ, ದೊಡ್ಡ ಲೈನಿನ ಕಂಬ ಇಲ್ಲದ ದಿಕ್ಕು ಕಡಿಮೆ. ಅವುಗಳ ನಡುವೆ ಬದುಕುವವರಿಗೆ ವೋಲ್ಟಿನ ಲೆಕ್ಕದಷ್ಟೇ ವಿದ್ಯುತ್ ಕ್ಷೇತ್ರದ ಲೆಕ್ಕವೂ ಬೇಕು.

ವೋಲ್ಟ್ ಬೇರೆ, ಕ್ಷೇತ್ರದ ತೀವ್ರತೆ ಬೇರೆ. ಆನೆಗೊಂದಿ ಹತ್ತಿರದ ಅಂಜನಾದ್ರಿಯನ್ನು ನೆನೆಯಿರಿ. 575 ಮೆಟ್ಟಿಲು ಹತ್ತಿದರೆ ತುದಿ. ಅಷ್ಟೇ ಎತ್ತರವನ್ನು ಎರಡು ಕಿಲೋಮೀಟರ್ ಉದ್ದದ ಇಳಿಜಾರು ದಾರಿಯಲ್ಲಿ ಏರಿದರೆ ಉಸಿರು ಕಟ್ಟುವುದಿಲ್ಲ. ಎತ್ತರ ಎರಡಕ್ಕೂ ಒಂದೇ, ಏರು ಬೇರೆ. ವೋಲ್ಟ್ ಎಂದರೆ ಎತ್ತರ. ಕ್ಷೇತ್ರದ ತೀವ್ರತೆ ಎಂದರೆ ಏರಿನ ಕಡಿದು. ಎಣ್ಣೆಯನ್ನಾಗಲಿ ಗಾಳಿಯನ್ನಾಗಲಿ ಒಡೆಯುವುದು ಎತ್ತರವಲ್ಲ, ಈ ಕಡಿದು. ಆದ್ದರಿಂದಲೇ ಅದನ್ನು ಹೇಳುವಾಗ ದೂರವನ್ನೂ ಹೇಳಲೇಬೇಕು. ಇಂದಿನ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಅದು ಮೀಟರ್‌ಗೆ ಇಷ್ಟು ವೋಲ್ಟ್. ಒಂದು ಕೂಲಂಬ್ ಆವೇಶದ ಮೇಲೆ ಇಷ್ಟು ನ್ಯೂಟನ್ ಬಲ ಎಂದರೂ ಅದೇ ಮಾತು, ಅದೇ ಅಂಕಿ.

ದೂರ ಬಿಟ್ಟು ಬರೀ ವೋಲ್ಟ್ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಎಣ್ಣೆಯ ಪರೀಕ್ಷೆಯೇ ಸಾಕ್ಷಿ. ಹಿಂದೆ ನಮ್ಮಲ್ಲಿ ಪಾಠ ಹೇಳುತ್ತಿದ್ದದ್ದು 4 ಮಿಲಿಮೀಟರ್ ಅಂತರದಲ್ಲಿ ಒಂದು ನಿಮಿಷ 40 ಕಿಲೋವೋಲ್ಟ್ ತಡೆಯಬೇಕು ಎಂದು. ಆಮೇಲೆ 2.5 ಮಿಲಿಮೀಟರಿನ ಪರೀಕ್ಷೆ ಬಂತು. ಭಾರತೀಯ ಮಾನಕ 335ರ 1993ರ ಆವೃತ್ತಿಯ ಪ್ರಕಾರ ಹೊಸ ಎಣ್ಣೆ ಡ್ರಮ್ಮಿನಿಂದ ಬಂದಂತೆಯೇ 30 ಕಿಲೋವೋಲ್ಟ್, ಫಿಲ್ಟರ್ ಆದ ಮೇಲೆ 60 ಕಿಲೋವೋಲ್ಟ್ ತಡೆಯಬೇಕಿತ್ತು. 40 ದೊಡ್ಡದೋ 30 ದೊಡ್ಡದೋ ಎಂದು ಕೇಳಿದರೆ ಮಕ್ಕಳೂ 40 ಎನ್ನುತ್ತಾರೆ. ಅಂತರದಿಂದ ಭಾಗಿಸಿ ನೋಡಿ: 40 ಅನ್ನು 4ರಿಂದ ಭಾಗಿಸಿದರೆ ಮಿಲಿಮೀಟರ್‌ಗೆ 10 ಕಿಲೋವೋಲ್ಟ್, 30 ಅನ್ನು 2.5ರಿಂದ ಭಾಗಿಸಿದರೆ 12. ಸಣ್ಣ ಅಂಕಿಯೇ ಹೆಚ್ಚು ಕಡಿದು. ಎರಡು ಪರೀಕ್ಷೆಗಳ ಎಲೆಕ್ಟ್ರೋಡುಗಳೂ ಕ್ರಮವೂ ಬೇರೆಯಾದ್ದರಿಂದ ಇವನ್ನು ಹೀಗೆ ನೇರವಾಗಿ ಪಕ್ಕಪಕ್ಕ ನಿಲ್ಲಿಸಿ ತೀರ್ಪು ಕೊಡಲು ಬರುವುದಿಲ್ಲ. ಆದರೂ ಅಂತರ ಬರೆಯದ ಚೀಟಿಯನ್ನು ನಂಬಬಾರದು ಎಂಬಷ್ಟಂತೂ ತಿಳಿಯುತ್ತದೆ.

ಕೊಪ್ಪಳ ಸೀಮೆಯ ಹಿರಿಯರಿಗೆ ಇಂಥ ಲೆಕ್ಕ ಹೊಸದಲ್ಲ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ರಾಜ್ಯ. ತುಂಗಭದ್ರೆಯ ಈಚೆ ದಂಡೆ ಮುನಿರಾಬಾದಿನಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ. ಹೊಳೆ ದಾಟಿದರೆ ಹೊಸಪೇಟೆ, ಅದು ಮದ್ರಾಸ್ ಪ್ರಾಂತ. ಪಡುವಣಕ್ಕೆ ಹೋದರೆ ಗದಗ, ಅದು ಮುಂಬೈ ಪ್ರಾಂತ. ಆ ಎರಡೂ ಕಡೆ ಕಲ್ದಾರ, ಅಂದರೆ ಬ್ರಿಟಿಷ್ ರೂಪಾಯಿ. ಆರು ಕಲ್ದಾರಕ್ಕೆ ಏಳು ಹಾಲಿ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಸಂತೆಗೆ ಎತ್ತು ಹೊಡೆದುಕೊಂಡು ಹೋಗುವ ರೈತ ಬೆಲೆ ಕೇಳಿದ ಕೂಡಲೇ ಯಾವ ರೂಪಾಯಿ ಎಂದು ಕೇಳಬೇಕಿತ್ತು. 1956ರ ನವೆಂಬರ್ 1ಕ್ಕೆ ರಾಜ್ಯ ಬದಲಾಯಿತು. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಸೇರು ತೊಲೆ ಹೋಗಿ ಕಿಲೋ ಗ್ರಾಂ ಬರತೊಡಗಿತು. ಹಾಲಿ ಸಿಕ್ಕಾ 1959ರಲ್ಲಿ ಪೂರ್ತಿ ನಿಂತಿತು. ಹನ್ನೊಂದು ವರ್ಷದಲ್ಲಿ ರಾಜ್ಯ, ನಾಣ್ಯ, ತಕ್ಕಡಿ ಮೂರನ್ನೂ ಬದಲಿಸಿಕೊಂಡ ಆ ಪೀಳಿಗೆಯ ಲೆಕ್ಕದ ಚುರುಕಿಗೆ ನಾನು ಇಂದಿಗೂ ತಲೆಬಾಗುತ್ತೇನೆ. ನೀರಿನ ಲೆಕ್ಕ ಮಾತ್ರ ಇನ್ನೂ ಹಳೆಯದರಲ್ಲೇ ಇದೆ. ಗಂಗಾವತಿಯ ಭತ್ತದ ರೈತರಿಗೆ ಜಲಾಶಯದ ನೀರು ಟಿಎಂಸಿಯಲ್ಲಿ, ಕಾಲುವೆಯ ನೀರು ಕ್ಯುಸೆಕ್‌ನಲ್ಲಿ ಗೊತ್ತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್, ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಅಶೋಕ ಶಾಸನಗಳ ಬ್ರಾಹ್ಮಿ ಲಿಪಿಯನ್ನು ಇವತ್ತು ಓದಲು ಬರುತ್ತಿರುವುದು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಆ ಅಕ್ಷರಗಳ ಗುಟ್ಟು ಬಿಡಿಸಿದ್ದರಿಂದ. ಆತನ ಹೊಟ್ಟೆಪಾಡಿನ ಕೆಲಸ ಟಂಕಸಾಲೆಯಲ್ಲಿ ನಾಣ್ಯದ ಬೆಳ್ಳಿ ಬಂಗಾರದ ಪರೀಕ್ಷೆ. 1834ರಲ್ಲಿ ಆತ ಹಿಂದುಸ್ತಾನದ ನಾಣ್ಯ, ತೂಕ, ಅಳತೆಗಳನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಕೋಷ್ಟಕಗಳ ಪುಸ್ತಕವನ್ನೇ ಪ್ರಕಟಿಸಿದ್ದ. ಹಳೆಯ ಅಕ್ಷರ ಓದುವವನೂ ಹಳೆಯ ತೂಕ ಓದುವವನೂ ಒಬ್ಬನೇ ಆಗಿದ್ದದ್ದು ನನಗೆ ತುಂಬ ಸಹಜವೆನಿಸುತ್ತದೆ. ಬರೆದವನು ಯಾವುದನ್ನು ಒಂದು ಎಂದು ಹಿಡಿದಿದ್ದ ಎಂಬುದು ಗೊತ್ತಾಗುವವರೆಗೆ ಎರಡೂ ಬಾಯಿ ಬಿಡುವುದಿಲ್ಲ.

ವಿದ್ಯುತ್ತಿನ ಹಳೆಯ ಪುಸ್ತಕಗಳಲ್ಲಿ ಈ ‘ಒಂದು’ ಬಹಳ ವಿಚಿತ್ರವಾದದ್ದು. ಮಿಲ್ ಮತ್ತು ಇಂಚಿನದು ಸುಲಭದ ಕಥೆ, ದೂರವನ್ನು ಬದಲಿಸಿದರೆ ಮುಗಿಯಿತು. ಸೆಂಟಿಮೀಟರ್‌ಗೆ ಒಂದು ವೋಲ್ಟ್ ಎಂದರೆ ಮೀಟರ್‌ಗೆ 100 ವೋಲ್ಟ್. ಮಿಲ್‌ಗೆ ಒಂದು ವೋಲ್ಟ್ ಎಂದರೆ ಮೀಟರ್‌ಗೆ 39,370 ವೋಲ್ಟ್. ಆದರೆ ಭೌತವಿಜ್ಞಾನದ ಹಳೆಯ ಗ್ರಂಥ ತೆರೆದರೆ ಅಲ್ಲಿ ವೋಲ್ಟೇ ಬೇರೆ. ಸೆಂಟಿಮೀಟರ್, ಗ್ರಾಂ, ಸೆಕೆಂಡ್ ಈ ಮೂರರ ಮೇಲೆ ಕಟ್ಟಿದ ಪದ್ಧತಿ ಅದು. 1873ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿ ಅದನ್ನು ಶಿಫಾರಸು ಮಾಡಿತು. ಆ ಪದ್ಧತಿಯ ಕ್ಷೇತ್ರ ತೀವ್ರತೆಯ ಮಾನ ಸೆಂಟಿಮೀಟರ್‌ಗೆ ಒಂದು ಸ್ಟ್ಯಾಟ್‌ವೋಲ್ಟ್. ಅದನ್ನು ಇಂದಿನ ಮಾನಕ್ಕೆ ತಂದರೆ ಮೀಟರ್‌ಗೆ 29,979.2458 ವೋಲ್ಟ್.

ಈ ಅಂಕಿಯನ್ನು ಬಾಯಿಪಾಠ ಮಾಡಿದವರನ್ನು ನೋಡಿದ್ದೇನೆ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಪುಸ್ತಕದ ಹಿಂದಿನ ಕೋಷ್ಟಕ ತೋರಿಸುತ್ತಾರೆ. ಕೋಷ್ಟಕ ಬೇಕಿಲ್ಲ. ಕಾಗದದ ತುಂಡಿನ ಮೇಲೆ ನಾಲ್ಕು ಸಾಲಿನಲ್ಲಿ ಕಂಡುಕೊಳ್ಳಬಹುದು. ಹುಡುಗನಿಗೆ ಹಾಗೇ ತೋರಿಸಿದೆ.

ಹಳೆಯ ಪದ್ಧತಿ ಹೇಳುವುದು ಇಷ್ಟು: ನಿರ್ವಾತದಲ್ಲಿ ಎರಡು ಸಮನಾದ ಆವೇಶಗಳನ್ನು ಒಂದು ಸೆಂಟಿಮೀಟರ್ ದೂರದಲ್ಲಿ ಇಡಿ. ಅವು ಒಂದನ್ನೊಂದು ಒಂದು ಡೈನ್ ಬಲದಿಂದ ದೂಡಿದರೆ ಆ ಆವೇಶವೇ ‘ಒಂದು’. ಅದರ ಹೆಸರು ಸ್ಟ್ಯಾಟ್‌ಕೂಲಂಬ್. ಡೈನ್ ಬಹಳ ಸಣ್ಣ ಬಲ, ನ್ಯೂಟನ್ನಿನ ಲಕ್ಷದ ಒಂದು ಭಾಗ. ಒಂದು ಮಿಲಿಗ್ರಾಂ ತೂಕ ಅಂಗೈಯನ್ನು ಒತ್ತುವ ಬಲ ಸುಮಾರು ಅಷ್ಟೇ. ಇಂದಿನ ಕೂಲಂಬ್ ಹಾಗಲ್ಲ. ಒಂದೊಂದು ಕೂಲಂಬಿನ ಎರಡು ಆವೇಶಗಳನ್ನು ಒಂದು ಮೀಟರ್ ದೂರದಲ್ಲಿ ಇಟ್ಟರೆ ಸುಮಾರು 899 ಕೋಟಿ ನ್ಯೂಟನ್ ಬಲದಿಂದ ದೂಡಿಕೊಳ್ಳುತ್ತವೆ. ಎರಡನ್ನೂ ಹೋಲಿಸಿ ಲೆಕ್ಕ ಹಾಕಿದರೆ ಒಂದು ಕೂಲಂಬಿನೊಳಗೆ 299,79,24,580 ಸ್ಟ್ಯಾಟ್‌ಕೂಲಂಬ್, ಸುಮಾರಾಗಿ 300 ಕೋಟಿ.

ಇನ್ನು ಕ್ಷೇತ್ರದ ಮಾತು. ಒಂದು ಸ್ಟ್ಯಾಟ್‌ಕೂಲಂಬಿನ ಮೇಲೆ ಒಂದು ಡೈನ್ ಬಲ ಬೀಳುವಂಥ ಕ್ಷೇತ್ರ ಹಳೆಯ ಪದ್ಧತಿಯ ‘ಒಂದು’. ಅದೇ ಕ್ಷೇತ್ರದಲ್ಲಿ ಒಂದು ಕೂಲಂಬ್ ಇಟ್ಟರೆ ಬೀಳುವ ಬಲ 299,79,24,580 ಡೈನ್. ಡೈನ್ ಅನ್ನು ನ್ಯೂಟನ್ ಮಾಡಲು ಲಕ್ಷದಿಂದ ಭಾಗಿಸಿ. ಬಂದದ್ದು 29,979.2458 ನ್ಯೂಟನ್. ಅದೇ ಉತ್ತರ, ಕೋಷ್ಟಕವಿಲ್ಲದೆ.

ಆ ಅಂಕಿಯ ಚುಕ್ಕೆಯನ್ನು ಒಂದು ಮನೆ ಬಲಕ್ಕೆ ಸರಿಸಿ ಓದಿ. 299,792.458. ಹೈಸ್ಕೂಲ್ ಓದಿದವರಿಗೆ ಈ ಮುಖ ಪರಿಚಯವಿರಬೇಕು, ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂಬ ಬೆಳಕಿನ ವೇಗ ಅದು. ಎಣ್ಣೆ, ಗಾಳಿ, ಆವೇಶದ ಲೆಕ್ಕದಲ್ಲಿ ಬೆಳಕು ಬಂದು ಕೂತದ್ದು ಹೇಗೆ? ಹಳೆಯ ಮಾನಗಳನ್ನು ನಾನು ಪ್ರೀತಿಸುವುದಕ್ಕೆ ಈ ಪ್ರಶ್ನೆಯೇ ಕಾರಣ.

ಹತ್ತೊಂಬತ್ತನೆಯ ಶತಮಾನದಲ್ಲಿ ಆವೇಶವನ್ನು ಅಳೆಯಲು ಎರಡು ದಾರಿ ಇದ್ದವು. ಒಂದು, ನಿಂತ ಆವೇಶಗಳು ಒಂದನ್ನೊಂದು ದೂಡುವ ಬಲದಿಂದ. ಇನ್ನೊಂದು, ಹರಿಯುವ ವಿದ್ಯುತ್ತು ಕಾಂತದ ಮೇಲೆ ತೋರುವ ಬಲದಿಂದ. ಎರಡರಿಂದಲೂ ‘ಒಂದು ಆವೇಶ’ ಸಿಗುತ್ತಿತ್ತು, ಆದರೆ ಬೇರೆ ಬೇರೆ ಗಾತ್ರದ್ದು. ಒಂದು ಇನ್ನೊಂದರ ಎಷ್ಟು ಪಟ್ಟು? ಜರ್ಮನಿಯ ವಿಲ್ಹೆಲ್ಮ್ ವೆಬರ್ ಮತ್ತು ರುಡಾಲ್ಫ್ ಕೋಲ್ರಾಷ್ 1856ರಲ್ಲಿ ಅದನ್ನು ಅಳೆದರು. ಲೈಡನ್ ಜಾಡಿಯಲ್ಲಿ ಆವೇಶ ತುಂಬಿ ಒಂದು ರೀತಿಯಲ್ಲಿ ಅಳೆದು, ಅದನ್ನೇ ಗ್ಯಾಲ್ವನೋಮೀಟರಿನ ಸುರುಳಿಯಲ್ಲಿ ಹರಿಸಿ ಇನ್ನೊಂದು ರೀತಿಯಲ್ಲಿ ಅಳೆದರು. ಆ ಅಳತೆಯಿಂದ ದೊರೆತದ್ದು ಬರೀ ಅಂಕಿಯಲ್ಲ, ಒಂದು ವೇಗ: ಸೆಕೆಂಡಿಗೆ ಸುಮಾರು 3,10,740 ಕಿಲೋಮೀಟರ್. ಪ್ಯಾರಿಸ್ಸಿನ ಫಿಝೋ 1849ರಲ್ಲಿ ಹಲ್ಲಿನ ಚಕ್ರ ತಿರುಗಿಸಿ ಅಳೆದಿದ್ದ ಬೆಳಕಿನ ವೇಗ ಇದಕ್ಕೆ ಹತ್ತಿರದ್ದೇ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಈ ಎರಡನ್ನು ಪಕ್ಕದಲ್ಲಿಟ್ಟು ನೋಡಿದ. ಬೆಳಕು ಎಂದರೆ ವಿದ್ಯುತ್ತು ಮತ್ತು ಕಾಂತದ ಅಲೆಯೇ ಎಂಬ ನಿಲುವಿಗೆ ಅವನು ಬಂದದ್ದು ಈ ಹೋಲಿಕೆಯ ಬಲದಿಂದ.

ಒಂದು ಅಳತೆಗೋಲಿನಿಂದ ಇನ್ನೊಂದಕ್ಕೆ ತಿರುಗಿಸುವ ಗುಣಕವನ್ನು ಕಣ್ಣಿಟ್ಟು ಅಳೆದದ್ದರಿಂದ ಬೆಳಕಿನ ಗುಟ್ಟು ಹೊರಬಂತು. ಮಕ್ಕಳು ಬೇಸರದಿಂದ ಮಾಡುವ ಮಾನಪರಿವರ್ತನೆಯ ಲೆಕ್ಕದೊಳಗೆ ಇಷ್ಟು ದೊಡ್ಡ ವಿಷಯ ಅಡಗಿದೆ ಎಂದು ನಮ್ಮ ಶಾಲೆಗಳಲ್ಲಿ ಒಮ್ಮೆಯಾದರೂ ಹೇಳಬೇಕು.

ಹಾಲಿ ಮತ್ತು ಕಲ್ದಾರದ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ಎರಡೂ ರೂಪಾಯಿಯೇ, ಬೆಲೆ ಮಾತ್ರ ಬೇರೆ. ಇಲ್ಲಿ ಆವೇಶ ಎಂದರೇನು ಎಂಬ ಕಲ್ಪನೆಯೇ ಬೇರೆ. ಹಳೆಯ ಪದ್ಧತಿಯಲ್ಲಿ ಆವೇಶಕ್ಕೆ ಸ್ವಂತ ಮೂಲಮಾನವಿಲ್ಲ, ಸೆಂಟಿಮೀಟರ್, ಗ್ರಾಂ, ಸೆಕೆಂಡುಗಳಿಂದಲೇ ಅದು ಹುಟ್ಟುತ್ತದೆ. ಇಟಲಿಯ ಜೋವಾನ್ನಿ ಜೋರ್ಜಿ 1901ರಲ್ಲಿ ಮೀಟರ್, ಕಿಲೋಗ್ರಾಂ, ಸೆಕೆಂಡಿನ ಜೊತೆಗೆ ವಿದ್ಯುತ್ತಿನದೇ ಒಂದು ನಾಲ್ಕನೆಯ ಮೂಲಮಾನ ಇರಲಿ ಎಂದ. ಅದು ಗೆದ್ದು, 1960ರಲ್ಲಿ ಹೆಸರು ಪಡೆದ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಆಂಪಿಯರ್ ಆಗಿ ನಿಂತಿತು. ಆದ್ದರಿಂದ ಹಳೆಯ ಗ್ರಂಥದ ಸೂತ್ರವನ್ನು ಹಾಗೇ ಇಟ್ಟು ಅಂಕಿಗಳನ್ನು ಮಾತ್ರ ಇಂದಿನ ಮಾನದಲ್ಲಿ ತುಂಬಿದರೆ ಲೆಕ್ಕ ಕೆಡುತ್ತದೆ. ಸೂತ್ರದಲ್ಲೂ 4π ಜಾಗ ಬದಲಿಸಿರುತ್ತದೆ. ಕ್ಷೇತ್ರ ತೀವ್ರತೆಗೆ ಹೇಳಿದ ಗುಣಕದಲ್ಲಿ 4π ಇಲ್ಲ, ಅದರ ಸೋದರನಾದ ಸ್ಥಾನಾಂತರ ಕ್ಷೇತ್ರದ ಗುಣಕದಲ್ಲಿ ಇದೆ. ಪರೀಕ್ಷೆಗೆ ಓದುವವರು ಹೆಚ್ಚಾಗಿ ಎಡವುವುದು ಇಲ್ಲಿ. ಇನ್ನು 2019ರ ಮೇ 20ರಿಂದ ಮೂಲಮಾನಗಳ ವ್ಯಾಖ್ಯೆ ಬದಲಾಗಿ, 29,979.2458 ಎಂಬುದು ತತ್ವದಲ್ಲಿ ಪೂರ್ತಿ ನಿಖರವಾಗಿ ಉಳಿದಿಲ್ಲ. ಬಂದ ವ್ಯತ್ಯಾಸ ನೂರು ಕೋಟಿಯಲ್ಲಿ ಒಂದು ಭಾಗಕ್ಕೂ ಕಡಿಮೆ. ಟಿಸಿ ರಿಪೇರಿಯವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇಷ್ಟೊಂದು ಮಾನಗಳು ಯಾಕಿದ್ದವು ಎಂಬ ಹುಡುಗನ ಪ್ರಶ್ನೆಗೆ ನನಗೆ ತೋಚಿದ ಉತ್ತರ ಸರಳ. ಪ್ರತಿಯೊಂದು ಕಸುಬೂ ತನ್ನ ಕೈಗೆ ಸಿಕ್ಕ ವಸ್ತುವಿನ ಅಳತೆಯನ್ನೇ ಹಿಡಿಯಿತು. ತಂತಿಯ ಮೇಲಿನ ಎನಾಮಲ್, ಸುತ್ತುಗಳ ನಡುವಿನ ಕಾಗದ ಇವುಗಳ ದಪ್ಪವನ್ನು ಅಮೆರಿಕದ ಕಾರ್ಖಾನೆಗಳಲ್ಲಿ ಮಿಲ್ಲಿನಲ್ಲಿ ಅಳೆಯುತ್ತಿದ್ದರು, ಅವರಿಗೆ ಮಿಲ್‌ಗೆ ವೋಲ್ಟ್. ಎರಡು ಗುಂಡುಗಳ ನಡುವೆ ಕಿಡಿ ಹಾರಿಸಿ ನೋಡುವ ಪ್ರಯೋಗಶಾಲೆಯಲ್ಲಿ ಅಂತರ ಒಂದೆರಡು ಸೆಂಟಿಮೀಟರ್, ಅವರಿಗೆ ಸೆಂಟಿಮೀಟರ್‌ಗೆ ಕಿಲೋವೋಲ್ಟ್. ಆಕಾಶ ನೋಡುವ ಹವಾಮಾನದವರು ಮೀಟರ್‌ಗೆ ವೋಲ್ಟ್ ಬಳಸಿದರು, ಅವರ ಅಂತರ ನೆಲ ಮತ್ತು ಮೋಡದ ನಡುವಿನದು. ಕೋಷ್ಟಕ ನೋಡಿ ಪರಿವರ್ತನೆ ಮಾಡುವ ಮುಂಚೆ, ಈ ಅಂಕಿ ಯಾವ ಕಸುಬಿನವರ ಕೈಯಿಂದ ಬಂದದ್ದು ಎಂದು ಕೇಳಿಕೊಂಡರೆ ಅರ್ಧ ತಪ್ಪು ಅಲ್ಲಿಯೇ ತಪ್ಪುತ್ತದೆ.

ಎಲ್ಲವನ್ನೂ ಮೀಟರ್‌ಗೆ ವೋಲ್ಟ್ ಎಂಬ ಒಂದೇ ಗೋಲಿಗೆ ತಂದಾಗ ನಮ್ಮ ಸೀಮೆಯ ಆಕಾಶ, ಹೊಲ, ಟಿಸಿ ಮೂರೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಮೋಡವಿಲ್ಲದ ದಿನ ಯಲಬುರ್ಗಾದ ಎರೆಹೊಲದ ಮೇಲೆ ನಿಂತಿದ್ದೀರಿ ಎಂದುಕೊಳ್ಳಿ. ಆಗಲೂ ಗಾಳಿಯಲ್ಲಿ ವಿದ್ಯುತ್ ಕ್ಷೇತ್ರವಿದೆ, ಸುಮಾರು ಮೀಟರ್‌ಗೆ 100 ವೋಲ್ಟ್. ಹಳೆಯ ಭೌತಗ್ರಂಥದ ಮಾನದಲ್ಲಿ 0.0033. ದೇಹ ವಿದ್ಯುತ್ತನ್ನು ಹರಿಯಬಿಡುವುದರಿಂದ ತಲೆಗೂ ಕಾಲಿಗೂ ನಡುವೆ ಆ ವ್ಯತ್ಯಾಸ ನಿಲ್ಲುವುದಿಲ್ಲ, ನಮಗೆ ಏನೂ ಅನಿಸುವುದಿಲ್ಲ. ಭರಣಿ, ಕೃತ್ತಿಕೆಯ ಮಳೆ ಕಟ್ಟಿ ಗುಡುಗಿನ ಮೋಡ ನೆತ್ತಿಯ ಮೇಲೆ ಬಂದಾಗ ಅದೇ ನೆಲದ ಮೇಲೆ ಕ್ಷೇತ್ರ ಮೀಟರ್‌ಗೆ 10,000 ವೋಲ್ಟಿನ ಸುತ್ತಮುತ್ತ ಏರಬಲ್ಲದು, ಅಂದರೆ ನೂರು ಪಟ್ಟು. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಎಸ್. ಕೆ. ಬ್ಯಾನರ್ಜಿ ಅವರು 1930ರ ಹೊತ್ತಿಗೇ ನೆತ್ತಿಯ ಮೇಲೆ ಹಾದುಹೋಗುವ ಗುಡುಗುಮೋಡಗಳ ಕ್ಷೇತ್ರವನ್ನು ಅಳೆದು ಪ್ರಕಟಿಸಿದ್ದರು.

ಒಣ ಗಾಳಿ ಒಡೆಯಲು ಬೇಕಾದದ್ದು ಸೆಂಟಿಮೀಟರ್‌ಗೆ ಸುಮಾರು 30 ಕಿಲೋವೋಲ್ಟ್. ಮೀಟರಿನ ಲೆಕ್ಕದಲ್ಲಿ 30 ಲಕ್ಷ ವೋಲ್ಟ್, ಮಿಲ್ಲಿನ ಲೆಕ್ಕದಲ್ಲಿ 76 ವೋಲ್ಟ್, ಹಳೆಯ ಭೌತಮಾನದಲ್ಲಿ ಹೆಚ್ಚುಕಡಿಮೆ ಸರಿಯಾಗಿ 100. ಆ 100 ಎಂಬ ಗುಂಡು ಅಂಕಿ ಕೇವಲ ಆಕಸ್ಮಿಕ. ನೆನಪಿಗೆ ಮಾತ್ರ ಒಳ್ಳೆಯದು. ಮೋಡದ ಕೆಳಗಿನ 10,000 ಎಲ್ಲಿ, ಗಾಳಿ ಒಡೆಯುವ 30 ಲಕ್ಷ ಎಲ್ಲಿ? ನಡುವೆ ಮುನ್ನೂರು ಪಟ್ಟಿನ ಕಂದರ. ಆದರೂ ಸಿಡಿಲು ಬೀಳುತ್ತದೆ, ನಮ್ಮ ಕುರಿಗಾಹಿಗಳನ್ನು, ಬೇವಿನ ಗಿಡದ ಬುಡದಲ್ಲಿ ನಿಂತವರನ್ನು ಕೊಲ್ಲುತ್ತದೆ. ಮೋಡದೊಳಗೆ ಬಲೂನು ಬಿಟ್ಟು ಅಳೆದಾಗಲೂ ಸಿಕ್ಕದ್ದು ಮೀಟರ್‌ಗೆ ಒಂದೆರಡು ಲಕ್ಷ ವೋಲ್ಟಿನ ಮಟ್ಟದ್ದು. ಸಿಡಿಲು ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದು ವಿಜ್ಞಾನಿಗಳ ನಡುವೆ ಇಂದಿಗೂ ಚರ್ಚೆಯಲ್ಲಿರುವ ವಿಷಯ. ನೆಲದ ಮೇಲಿನ ಕಥೆ ಮಾತ್ರ ಸ್ಪಷ್ಟವಿದೆ. ಚೂಪಾದ, ಎತ್ತರವಾದ ವಸ್ತುವಿನ ತುದಿಯಲ್ಲಿ ಕ್ಷೇತ್ರ ಒತ್ತೊತ್ತಾಗುತ್ತದೆ. ಬಯಲಲ್ಲಿ ಒಂಟಿಯಾಗಿ ನಿಂತ ಗಿಡದ ತುದಿ, ಹೆಗಲ ಮೇಲಿನ ಗುದ್ದಲಿ, ನಿಂತ ಮನುಷ್ಯನ ತಲೆ ಇಲ್ಲೆಲ್ಲ 10,000 ಎಂಬುದು ಹಲವು ಪಟ್ಟು ಆಗುತ್ತದೆ. ಮೈಕೂದಲು ನಿಮಿರಿದರೆ ಅದು ಕ್ಷೇತ್ರ ಏರಿದ್ದರ ಗುರುತು. ಕೂಡಲೇ ಕಟ್ಟಡದೊಳಗೋ ಮುಚ್ಚಿದ ವಾಹನದೊಳಗೋ ಹೋಗಬೇಕು. ಯಾವುದೂ ಹತ್ತಿರವಿಲ್ಲದಿದ್ದರೆ ಗಿಡದಿಂದ ದೂರ ಸರಿದು ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂಡಬೇಕು. ಮಲಗಬಾರದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮತ್ತು ಪುಣೆಯ ಸಂಸ್ಥೆಯ ‘ದಾಮಿನಿ’ ಆ್ಯಪ್ ಮುನ್ನೆಚ್ಚರಿಕೆ ಕೊಡುತ್ತವೆ. ಹೊಲಕ್ಕೆ ಹೋಗುವವರ ಮೊಬೈಲಿನಲ್ಲಿ ಇವು ಇರಲೇಬೇಕೆಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ಇನ್ನು ಹೊಲದ ಮೇಲೆ ಹಾದುಹೋಗುವ ದೊಡ್ಡ ಲೈನುಗಳು. ಮುನಿರಾಬಾದಿನ ಎಡದಂಡೆಯ ವಿದ್ಯುದಾಗಾರದ ಕಾಲದಲ್ಲಿ ಇವು ವಿರಳ. ಗಾಳಿಯಂತ್ರಗಳು ಬಂದ ಮೇಲೆ ಕುಷ್ಟಗಿ, ಯಲಬುರ್ಗಾದ ದಿಗಂತವೇ ಬದಲಾಗಿದೆ. 400 ಕಿಲೋವೋಲ್ಟ್ ಲೈನಿನ ಕೆಳಗೆ ಕೆಲಸ ಮಾಡಿದರೆ ಏನಾದೀತು ಎಂದು ಹೆಣ್ಣುಮಕ್ಕಳು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ 50 ಹರ್ಟ್ಸ್ ವಿದ್ಯುತ್ತಿಗೆ ಜನಸಾಮಾನ್ಯರಿಗೆ ಇಟ್ಟಿರುವ ಮಟ್ಟ ಮೀಟರ್‌ಗೆ 5,000 ವೋಲ್ಟ್, ಲೈನಿನ ಕೆಲಸಗಾರರಿಗೆ 10,000. ಇದನ್ನೇ ಕೆಲವು ವರದಿಗಳು ಮೀಟರ್‌ಗೆ 5 ಕಿಲೋವೋಲ್ಟ್ ಎನ್ನುತ್ತವೆ, ಹಳೆಯವು ಸೆಂಟಿಮೀಟರ್‌ಗೆ 50 ವೋಲ್ಟ್ ಎನ್ನುತ್ತವೆ. 5,000 ಎಂದಾಗ ಹೆದರಿಕೆ, 50 ಎಂದಾಗ ಧೈರ್ಯ. ಎರಡೂ ಒಂದೇ. ಹಾಗೆಂದು 400 ಕಿಲೋವೋಲ್ಟನ್ನು ತಂತಿಯ ಎತ್ತರದಿಂದ ಭಾಗಿಸಿ ನೆಲದ ಮೇಲಿನ ಕ್ಷೇತ್ರ ಕಂಡೆ ಎನ್ನುವಂತಿಲ್ಲ. ಕ್ಷೇತ್ರದ ಬಹುಪಾಲು ತಂತಿಯ ಮೈಸುತ್ತ ಮುತ್ತಿರುತ್ತದೆ, ನೆಲಕ್ಕೆ ಬರುವಾಗ ಬಹಳ ಸಡಿಲವಾಗಿರುತ್ತದೆ. ತಂತಿಯ ಮೈಮೇಲೆ ಅದು ಮಿತಿ ಮೀರಿದರೆ ಸುತ್ತಲ ಗಾಳಿ ಸಣ್ಣಗೆ ಒಡೆದು, ಜಿನುಗು ಮಳೆಯಲ್ಲಿ ಚಿರ್ ಚಿರ್ ಎಂಬ ಸದ್ದು ಕೇಳುತ್ತದೆ. ಒಂದೊಂದು ಫೇಸಿಗೂ ಎರಡು ಇಲ್ಲವೆ ನಾಲ್ಕು ತಂತಿ ಕಟ್ಟಿರುವುದನ್ನು ನೀವು ನೋಡಿರಬಹುದು. ದಪ್ಪ ತಂತಿಯಂತೆ ವರ್ತಿಸಿ ಮೈಮೇಲಿನ ಕ್ಷೇತ್ರವನ್ನು ಇಳಿಸುವುದು ಅದರ ಒಂದು ಕೆಲಸ.

ಈ ಸದ್ದಿನ ಬಗ್ಗೆ ಅಮೆರಿಕದ ಎಫ್. ಡಬ್ಲ್ಯು. ಪೀಕ್ 1910ರ ದಶಕದಲ್ಲಿ ನಡೆಸಿದ ಪ್ರಯೋಗಗಳನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಅಲ್ಲಿಯೂ ಒಂದು ಬಲೆ ಇದೆ. ಒಂದು ಕಡೆ ಸೆಂಟಿಮೀಟರ್‌ಗೆ 30 ಕಿಲೋವೋಲ್ಟ್ ಎಂದಿರುತ್ತದೆ, ಇನ್ನೊಂದು ಕಡೆ 21. ದೂರದ ಮಾನ ಒಂದೇ, ವೋಲ್ಟೂ ಒಂದೇ, ಆದರೂ ಅಂಕಿ ಬೇರೆ. 30 ಎಂಬುದು ಏರಿಳಿಯುವ ಅಲೆಯ ತುದಿಯ ಬೆಲೆ, 21 ಎಂಬುದು ಮೀಟರು ತೋರಿಸುವ ಪರಿಣಾಮಕ ಬೆಲೆ. ಎರಡರ ನಡುವೆ ಇರುವುದು 1.414. ಮಾನ ಬದಲಿಸುವ ಯಾವ ಕೋಷ್ಟಕದಲ್ಲೂ ಇದು ಸಿಗುವುದಿಲ್ಲ.

ಹುಡುಗ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಚೀಟಿಯ ಅಂಕಿಯನ್ನು ನಾಲ್ಕು ರೂಪದಲ್ಲಿ ತಾನೇ ಬರೆದು ತೋರಿಸಿದ: ಮೀಟರ್‌ಗೆ 1 ಕೋಟಿ 20 ಲಕ್ಷ ವೋಲ್ಟ್, ಸೆಂಟಿಮೀಟರ್‌ಗೆ 120 ಕಿಲೋವೋಲ್ಟ್, ಮಿಲ್‌ಗೆ 305 ವೋಲ್ಟ್, ಹಳೆಯ ಭೌತಮಾನದಲ್ಲಿ 400. ನಾಲ್ಕೂ ಸರಿಯಾಗಿದ್ದವು. ಆಗ ನನಗೆ ಮೊದಲೇ ಕೇಳಬೇಕಿದ್ದ ಪ್ರಶ್ನೆ ನೆನಪಾಯಿತು.

“ಇದು ಡ್ರಮ್ಮಿನಿಂದ ತಗದ ಎಣ್ಣಿಯೋ, ಫಿಲ್ಟರ್ ಆದ ಮ್ಯಾಲಿಂದೋ?”

“ಹೊಸಾ ಡ್ರಮ್ಮಿಂದ್ರಿ. ಫಿಲ್ಟರ್ ಹಾಕಿದ ಮ್ಯಾಲಿನ ಚೀಟಿರಿ ಇದು.”

ಹಾಗಿದ್ದರೆ 30 ಅಲ್ಲ, 60 ಬರಬೇಕಿತ್ತು. ಆರು ಸಲ ಒಡೆಸಿ ಸರಾಸರಿ ತೆಗೆದದ್ದು ಹೌದೇ ಎಂದು ಕೇಳಿದೆ, ಹೌದೆಂದ. ಅಂತರ ಗೇಜಿನಿಂದ ನೋಡಿದ್ದರೇ ಎಂದೆ, ನೋಡಿದ್ದರು. ಎಣ್ಣೆಯ ಬಲವನ್ನು ಎಲ್ಲಕ್ಕಿಂತ ಬೇಗ ಕುಂದಿಸುವುದು ತೇವ. ಟಿಸಿಯ ಮೈಗೆ ತೂಗುಬಿಟ್ಟ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ಬದಲಿಸು ಎನ್ನುವುದೂ ಅದಕ್ಕೇ.

“ಎಣ್ಣಿ ಒಯ್ದ ಬಾಟ್ಲಿ ಎದರಾಗ ತೊಳದಿದ್ದಿ?”

ಅವನು ಒಂದು ಗಳಿಗೆ ಸುಮ್ಮನೆ ಕೂತ.

“ನೀರಾಗ್ರಿ ಸರ್,” ಎಂದವನೇ ಎದ್ದು, ನೋಟ್‌ಬುಕ್ ಅಂಗಿಯೊಳಗೆ ಸಿಕ್ಕಿಸಿಕೊಂಡು, ಬೈಕಿನ ಕಡೆ ನಡೆದ.